ಮುಟ್ಟಬ್ಯಾಡ್ರಿ

ಮೂವತ್ತೆಂಟನೇ ಇಸವಿ. ಜಗಳೂರು ಕಡೆಯ ಒಂದು ಔಷಧಾಲಯದ ಸಾಲಿನಲ್ಲಿ ನನ್ನ ಮುಂದೆ ನಿಂತವನ ಹೆಗಲ ಮೇಲೆ ಜೇನು ಕೀಳುವವರ ಹಗ್ಗವಿತ್ತು. ಕಾಂಪೌಂಡರ್ ತಲೆಯೆತ್ತಿದರು.

"ಏನು ಗೋಣೆಪ್ಪ?"

"ಜೇನಿಗೆ ಬಂಡೆ ಹತ್ತೋರಿಗೆಲ್ಲ ಪಾಠ ಹೇಳಿದ್ರಲ್ರೀ. ಮುರಿದ ಕಾಲಿಗೆ ದಬ್ಬೆ ಕಟ್ರಿ, ಆಮೇಲೆ ಬಿದ್ದೋನ್ನ ಮುಟ್ಟಬ್ಯಾಡ್ರಿ, ಹೇಳಿಕಳಿಸ್ರಿ, ನಾನೇ ಬರ್ತೀನಿ ಅಂತ."

"ಹೌದು."

"ಹೋದ ವಾರ ನಮ್ಮ ಭಾವ ಬಿದ್ದ. ನೀವು ಕಲಿಸಿದಂಗೇ ಬಿದಿರು ದಬ್ಬೆ ಇಟ್ಟು ಕಾಲು ಕಟ್ಟಿದೆ. ಮೂರು ಸಲ ಹೇಳಿಕಳಿಸ್ದೆ."

"ಅವತ್ತು ಮನೇಲಿ ನೆಂಟರು ಕಣಯ್ಯ. ಗಾಡೀಲಿ ಹಾಕ್ಕೊಂಡು ಬಂದುಬಿಡೋದು ತಾನೆ?"

"ಗಾಡಿ ಬಂದಿತ್ರೀ. ಎತ್ತಿ ಹಾಕು ಅಂತ ಅಕ್ಕ ನನ್ನ ಕಾಲಿಗೆ ಬಿದ್ಲು. ಕಾಂಪೌಂಡರು ಬರ್ತಾರೆ ಅಂತ ನಾನೇ ಮುಟ್ಟಾಕೆ ಬಿಡಲಿಲ್ಲ."

"ಈಗ ಹೆಂಗಿದಾನೆ?"

"ಅವತ್ತೇ ಸಂಜೆ ಹೋದ."

ಕಾಂಪೌಂಡರ್ ಸೀಸೆಯ ಬಿರಡೆ ಒತ್ತಿದರು.

"ಮತ್ತೆ ಈಗ ಯಾಕೆ ಬಂದೆ?"

"ನಮ್ಮಲ್ಲಿ ಹಗ್ಗ ಹಿಡಿಯೋನು ಹತ್ತೋನ ಹೆಂಡ್ತಿ ತಮ್ಮನೇ ಆಗಬೇಕು. ಅಕ್ಕನ ತಾಳಿ ನೆನೆದು ಹಗ್ಗ ಬಿಡಾಕಿಲ್ಲ ಅಂತ. ಹಗ್ಗ ನಾನು ಬಿಡಲಿಲ್ರೀ, ಆದ್ರೂ ಗಾಡಿಗೆ ಹಾಕಾಕೆ ಬಿಡದೆ ನಾನೇ ಕೊಂದೆ ಅಂತಾಳೆ ಅಕ್ಕ. ಮುಟ್ಟಬ್ಯಾಡ ಅಂದಿದ್ದು ನಾನೇ ಅಂತ ನೀವು ಬಂದು ಒಂದು ಮಾತು ಹೇಳ್ರಿ."

"ಆಯ್ತು, ನಾಳೆ ಬರ್ತೀನಿ."

"ಬ್ಯಾಡ್ರೀ. ಕಾಂಪೌಂಡರು ಬರ್ತಾರೆ ಅಂತ ಅಕ್ಕನಿಗೆ ಇನ್ನೊಂದು ಸಲ ಹೇಳಾಕೆ ನನ್ನ ಕೈಲಿ ಆಗಾಕಿಲ್ಲ," ಎಂದು ಗೋಣೆಪ್ಪ ಮೆಟ್ಟಿಲಿಳಿದ.