ಪೊಲೀಸರು ಹೋದ್ರಾ?

ಇದು ನಮ್ಮ ಮನೆಯಲ್ಲೇ ನಡೆದದ್ದು. ನಗೋರು ಈಗಲೇ ನಕ್ಕು ಮುಗಿಸಿ, ಆಮೇಲೆ ನಗೋಕಾಗಲ್ಲ.

ತಾಳಗುಂದದ ಕಡೆಯಿಂದ ನಮ್ಮೂರಿಗೆ ಬರೋ ದಾರೀಲಿ ಒಂದು ಆಲದ ಮರ. ಅದರ ಬುಡದಲ್ಲೇ ಬಾವಿ. ನಲವತ್ತೆರಡನೇ ಇಸವೀಲಿ, ಚಲೇಜಾವ್ ಗಲಾಟೆ ಕಾಲದಲ್ಲಿ, ನಮ್ಮಜ್ಜಿ ದ್ಯಾಮಮ್ಮನ ಅಣ್ಣ ಕರಿಯಣ್ಣ ಆ ಮರದ ತುದಿಗೆ ಬಾವುಟ ಕಟ್ಟಿದ್ದ. ಮೀಸೆ ಮೂಡದ ಹುಡುಗ. ಪೊಲೀಸರ ಲಾರಿ ಬಂತು. ಗಂಡಸರೆಲ್ಲ ಕಾಡಿಗೆ ಓಡಿದ್ರು, ಇವನು ಮರದಲ್ಲೇ ಅಡಗಿದ. "ಅವರು ಹೋದ ಮೇಲೆ ಬಂದು ಹೇಳು" ಅಂತ ಪುಟ್ಟ ತಂಗಿಗೆ ಹೇಳಿದ್ದ. ಆದರೆ ಪೊಲೀಸರು ಹೆಂಗಸರು ಮಕ್ಕಳನ್ನೆಲ್ಲ ಗುಡಿಯೊಳಗೆ ಕೂಡಿಹಾಕಿದ್ರು. ಹೇಳೋಕೆ ಯಾರೂ ಹೋಗಲಿಲ್ಲ. ಕರಿಯಣ್ಣ ಕೊನೆಗೆ ಬಾವೀಲಿ ಹೆಣವಾಗಿ ಸಿಕ್ಕ. ಪಾಪ.

ಅವತ್ತಿಂದ ಕತ್ತಲಾದ ಮೇಲೆ ಅಲ್ಲಿ ಹಾದು ಹೋದ್ರೆ, ಪೊಲೀಸರು ಹೋದ್ರಾ ಅಂತ ಮೇಲಿಂದ ಪಿಸುಮಾತು ಕೇಳುತ್ತೆ. ಉತ್ತರ ನಮ್ಮೂರ ಮಕ್ಕಳಿಗೂ ಗೊತ್ತು. ತಲೆ ಎತ್ತದೆ "ಇನ್ನೂ ಇದಾರೆ, ಇಳೀಬೇಡ" ಅನ್ನಬೇಕು, ನಡೀತಾ ಇರಬೇಕು. ಯಾಕಂದ್ರೆ ಅವನು ಇಳಿದ್ರೆ ಬರೋದು ತಂಗಿ ಹತ್ರ. ಬಂದ್ರೆ ಒಬ್ಬನೇ ವಾಪಸ್ ಹೋಗಲ್ಲ.

ಹೋದ ಏಪ್ರಿಲ್‌ನಲ್ಲಿ ನಮ್ಮ ದೊಡ್ಡಪ್ಪನ ಮಗ ಚನ್ನೇಶ ರಾತ್ರಿ ಶಿಕಾರಿಪುರದಿಂದ ಬರ್ತಾ ಇದ್ದ. ಬೈಕ್ ಪಂಕ್ಚರ್. ತಳ್ಳಿ ತಳ್ಳಿ ತಲೆ ಕೆಟ್ಟಿತ್ತು. ಮರದ ಕೆಳಗೆ ಬಂದಾಗ... ಜೀರುಂಡೆ ಸದ್ದು ಟಕ್ಕನೆ ನಿಂತಿತು.

"ಪೊಲೀಸರು ಹೋದ್ರಾ?"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇವನು ರೇಗಿಬಿಟ್ಟ.

"ಹೋದ್ರು ಮಾರಾಯ! ಪೊಲೀಸರೂ ಹೋದ್ರು, ಬ್ರಿಟಿಷರೂ ಹೋದ್ರು. ಇಳ್ದು ಮನೀಗ್ ಹೋಗು!"

ಮೇಲೆ ಕೊಂಬೆ ಕಿರ್... ಅಂತು. ತೊಗಟೆ ಪರಪರ ಕೆರೆದ ಸದ್ದು. ಆಮೇಲೆ ನೆಲಕ್ಕೆ... ಧೊಪ್.

ಬೈಕ್ ಅಲ್ಲೇ ಬಿಸಾಕಿ ಓಡಿಬಂದ. ಬಾಗಿಲಿಗೆ ಅಗುಳಿ ಹಾಕಿದ. ನಡುಮನೆಯಲ್ಲಿ ಅಜ್ಜಿ ಮಲಗಿದ್ದಳು. ಸೊಂಟ ಮುರಿದ ಮೇಲೆ ಅವಳು ಎದ್ದು ನಡೆದೇ ಇರಲಿಲ್ಲ.

ಟಕ್... ಟಕ್...

"ಯಾರೋ ಅದು, ಚನ್ನೇಶ?"

"ಯಾರೂ ಇಲ್ಲಜ್ಜಿ. ಗಾಳಿ. ಮಲ್ಕೋ."

ಹೊರಗಿಂದ ಪಿಸುಮಾತು. "ದ್ಯಾಮೀ... ನೀನ್ಯಾಕೆ ಬರ್ಲಿಲ್ಲ?"

ಅಜ್ಜಿ ಅಳೋಕೆ ಶುರು ಮಾಡಿದಳು. "ಬಾಗ್ಲು ತೆಗಿಯೋ ಮಗಾ. ನಮ್ಮಣ್ಣ ಮಳ್ಯಾಗ ನೆನೀತಾ ನಿಂತಾನೆ."

ಹೊರಗೆ ಒಂದು ಹನಿ ಮಳೆಯೂ ಇರಲಿಲ್ಲ. ಚನ್ನೇಶ ತೆಗೆಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಇದ್ದ. ಬೆಳಗ್ಗೆ ನೋಡಿದ್ರೆ ಅಗುಳಿ ಹಾಕಿದ ಹಾಗೇ ಇತ್ತು. ಅಜ್ಜಿ ಹಾಸಿಗೆಯಲ್ಲಿ ತಣ್ಣಗಾಗಿದ್ದಳು. ನಾನೇ ಕೊಂದೆ ಅಂತ ಅವನು ಇವತ್ತಿಗೂ ಅಳ್ತಾನೆ. ಹಾಗನ್ನಬೇಡ್ವೋ ಅಂತ ನಾನೇ ಬೈದಿದ್ದೀನಿ.

ಯಾಕಂದ್ರೆ ಹೆಣಕ್ಕೆ ಸ್ನಾನ ಮಾಡಿಸಿದವಳು ನಾನು. ಹೊದಿಕೆ ಸರಿಸಿದೆ. ಮುಖದಲ್ಲಿ ನಗು... ಎರಡೂ ಕಾಲಿಗೆ ಮೊಣಕಾಲ ತನಕ ಹಸಿ ಕೆಸರು. ಸುಳ್ಳಲ್ಲ ಕಣ್ರೀ. ಬೇಕಾದ್ರೆ ಚನ್ನೇಶನ ಹೆಂಡ್ತಿ ಗಂಗಾಶ್ರೀನ ಕೇಳಿ, ನೀರು ಹೊಯ್ದವಳು ಅವಳೇ.