ಯಮನೂರಿಯ ಮೊಣಕಾಲು

ಒಂದೂರಲ್ಲಿ ಬಿಳಿಜೋಳದ ಸುಗ್ಗಿ ನಡೆದಿತ್ತು. ಹೊಲದ ತುಂಬ ಜೋಳ ಕೀಳುವವರ ಬಗ್ಗಿದ ಬೆನ್ನುಗಳು. ಆ ಊರಲ್ಲಿ ಒಬ್ಬ ಶ್ರೀಮಂತ ಗೌಡ ಇದ್ದ. ಅವನಿಗೆ ಎರಡೇ ಪ್ರೀತಿ: ಮನೆಯ ಮುಧೋಳ ನಾಯಿಗಳು, ಊರಿನ ಕಬಡ್ಡಿ ತಂಡ. ನಾಯಿಗಳಿಗೆ ಹಾಲು-ರೊಟ್ಟಿ, ಹುಡುಗರಿಗೆ ಹಳದಿ ಬನಿಯನ್. ನೋಡಿ, ಎರಡರ ಮೇಲೂ ಅವನದೇ ಹೆಸರು! ನಾಯಿಯ ಕೊರಳಪಟ್ಟಿಯ ಮೇಲೆ, ಹುಡುಗರ ಬೆನ್ನಿನ ಮೇಲೆ.

ಶನಿವಾರ ತಾಲ್ಲೂಕಿನ ಫೈನಲ್ ಪಂದ್ಯ. ಸುಗ್ಗಿ ಬಿಟ್ಟು ಊರಿಗೆ ಊರೇ ಹೋಯಿತು. ತಂಡದ ರೈಡರ್ ಯಮನೂರಿ ಜೋಳ ಕೀಳುವ ಕೂಲಿಯಾಳು. ಸುಗ್ಗಿಯಲ್ಲಿ ಕೂಲಿಗೆ ಬಂದ ಜೋಳವೇ ಅವನ ಮನೆಯ ವರ್ಷದ ರೊಟ್ಟಿ. ಆಟ ನಡುವಿಗೆ ಬಂದಾಗ ಎದುರಿನವರು ಅವನ ಕಾಲು ಹಿಡಿದೆಳೆದರು. ಮೊಣಕಾಲು ಹೊರಳಿತು. ಆಮೇಲೆ ಉಳಿದವರು ಒಬ್ಬರ ಹಿಂದೊಬ್ಬರು ಔಟು. ಊರು ಸೋತಿತು. ಸಣ್ಣ ಸೋಲಲ್ಲ, ಮಂದಿ ನಗುವಂಥ ಸೋಲು.

ಭಾನುವಾರ ಊರು ಎಷ್ಟು ಶಾಂತ ಅಂತೀರಿ! ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾಯಿಗಳು ಮಾತ್ರ ಎಂದಿನಂತೆ ಬಾಲ ಅಲ್ಲಾಡಿಸುತ್ತಿದ್ದವು. ಪಾಪ, ಅವಕ್ಕೆ ಅಂಕ ಹೇಳುವವರು ಯಾರು?

ಗೌಡ ಕಟ್ಟೆಯ ಮೇಲೆ ಕೂತು ಬಿಜಲಿ ಎಂಬ ನಾಯಿಯ ಕಾಲಿಗೆ ಔಡಲ ಎಣ್ಣೆ ತಿಕ್ಕುತ್ತಿದ್ದ. ಹಿಂದಿನ ವಾರ ನಾಯಿಗಳ ಓಟದಲ್ಲಿ ಸೋತು ಕುಂಟುತ್ತ ಬಂದಿತ್ತು ಅದು. ಯಮನೂರಿ ಕೋಲೂರಿಕೊಂಡು ಬಂದು ನಿಂತ.

"ಗೌಡ್ರ, ಮೊಣಕಾಲು ಬಾತೈತ್ರಿ. ನಾಳಿ ಜೋಳ ಕೀಳಾಕ ಆಗೂದಿಲ್ಲ. ಎಲುಬು ಕೂಡಿಸೋ ಅಜ್ಜನ ಊರಿಗೆ ಹೋಗಬೇಕ್ರಿ. ನಿಮ್ಮ ಜೀಪು..."

"ಜೀಪು ಖಾಲಿ ಇಲ್ಲ. ಬಿಜಲೀನ ಪಶು ಡಾಕ್ಟ್ರ ಕಡೆ ಒಯ್ಯಬೇಕು."

"ಹಿಂದ ಅದರ ಬಾಜೂ ಕೂಡ್ತೇನ್ರಿ. ಅದೂ ಸೋತೈತಿ, ನಾನೂ ಸೋತೇನಿ. ನಮ್ಮಿಬ್ಬರಿಗೆ ಜಗಳ ಆಗೂದಿಲ್ರಿ."

ಒಳಗಿದ್ದ ಗೌಡನ ಮುದಿತಾಯಿ ನಕ್ಕಳು. ಗೌಡ ನಗಲಿಲ್ಲ. "ಅದು ಮೂಕ ಪ್ರಾಣಿ. ನೀ ಸೋತ್ರ ಊರ ಮಾನ ಹೋಗ್ತೈತಲೇ!"

"ಗೆದ್ದಾಗ ಊರ ಹುಲಿ, ಸೋತಾಗ ಕೂಲಿ ಯಮನೂರಿ, ಹೌದಲ್ರಿ?"

ತಾಯಿ ಹೊರಗೆ ಬಂದಳು. "ಲೇ ತಮ್ಮಾ, ಅಂವಾ ಬಿದ್ದು ಕಾಲು ಮುರಕೊಂಡಾನ. ನೀ ಆಟ ನೋಡಕೋತ ಕುರ್ಚಿ ಮ್ಯಾಲೆ ಕುಂತು ಏನು ಮುರಕೊಂಡಿ?"

"ಮಾನ, ಅವ್ವಾ!"

ನೋಡಿ! ಮಾನ ಮುರಿದವನು ತಾನೇ ನಡೆದು ಹೋಗಿ ಜೀಪು ಹತ್ತಿದ. ಬಿಜಲಿಯನ್ನು ಕೌದಿಯ ಮೇಲೆ ಮಲಗಿಸಿಕೊಂಡ. ಜೀಪು ಹೋಯಿತು. ಕಾಲು ಮುರಿದವನು ಆ ಧೂಳಿನಲ್ಲಿ ಕೋಲೂರುತ್ತ ನಡೆದ. ಅಜ್ಜನ ಊರು ಮುಟ್ಟುವಷ್ಟರಲ್ಲಿ ಮೊಣಕಾಲು ಕುಂಬಳಕಾಯಿಯಾಗಿತ್ತು. ಸುಗ್ಗಿ ಮುಗಿಯುವವರೆಗೂ ಅವನು ಏಳಲಿಲ್ಲ. ಅವನ ಪಾಲಿನ ಜೋಳ ಬೇರೆಯವರ ಮನೆ ಸೇರಿತು.

ಈಗ ನೀವೆಲ್ಲ ತಲೆ ಆಡಿಸುತ್ತಿದ್ದೀರಿ. 'ಎಂಥಾ ಕಲ್ಲೆದೆಯ ಗೌಡ' ಅಂತ. ತಡೀರಿ, ತಡೀರಿ. ಯಮನೂರಿಯ ಮನೆಯಿಂದ ಗೌಡನ ಕಟ್ಟೆಗೆ ಒಂದು ಉದ್ದನೆಯ ಓಣಿ ಇದೆ. ಓಣಿ ತುಂಬ ಮನೆ, ಮನೆ ಮುಂದೆ ಮೋಟರ್‌ಸೈಕಲ್. ಅವನು ಕುಂಟುತ್ತ ಬಂದಾಗ ಆ ಜನ ಏನು ಮಾಡಿದರು? ಬೀದಿನಾಯಿಗೆ ರೊಟ್ಟಿ ಹಾಕುತ್ತ ನೆಲ ನೋಡಿದರು. ಹೊರಗಿನಿಂದ ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಸುದ್ದಿ ಅನ್ನುವ ಸೀಮೆ ನಮ್ಮದು. ಸೋತ ಹುಡುಗರು ಊರು ಹೊಕ್ಕಾಗ ಯಾವ ಬಾಗಿಲಿನಿಂದ ತಂಬಿಗೆ ಹೊರಗೆ ಬಂತು? ಗೌಡ ಆ ಊರಿಗೆ ಒಬ್ಬನೇ. ಓಣಿ ತುಂಬ ಇದ್ದವರು ಯಾರು? ನೀವು. ನಾವು.

ಆದ್ದರಿಂದ ಇಷ್ಟು ಮಾಡಿ. ಮಗ ಪರೀಕ್ಷೆಯಲ್ಲಿ ನಪಾಸಾಗಿ ಬರಲಿ, ಯಜಮಾನ ಉಳ್ಳಾಗಡ್ಡಿ ಮಾರಲಾಗದೆ ಸಂತೆಯಿಂದ ಬರಲಿ, 'ಏನಾಯ್ತು' ಅಂತ ಬಾಗಿಲಲ್ಲೇ ನಿಲ್ಲಿಸಿ ಕೇಳಬೇಡಿ. ಮೊದಲು ನೀರು ಕೊಡಿ. ಕಾಲಿಗೂ ಕೊಡಿ, ಬಾಯಿಗೂ ಕೊಡಿ.

ಯಮನೂರಿಗೆ ಕೊಡಬೇಕಾದ ನೀರು ಇನ್ನೂ ಬಾಕಿಯೇ ಇದೆ. ನಿಮ್ಮ ಮನೆಯಲ್ಲಿ ಈಗ ಯಾರಾದರೂ ಸೋತು ಮುಖ ಮುಚ್ಚಿಕೊಂಡು ಕೂತಿದ್ದರೆ, ಈ ಪ್ರವಚನದ ಮಂಗಳಾರತಿಗೆ ಕಾಯಬೇಡಿ. ಎದ್ದು ಹೋಗಿ. ನಾನೇನೂ ತಪ್ಪು ತಿಳಿಯುವುದಿಲ್ಲ.