ವತ್ಸಲಾಬಾಯಿಯವರು ಹಿಡಿದಿಟ್ಟ ಹದಿನಾಲ್ಕು ನಿಮಿಷ

ಸಭೆಯ ಹಿರಿಯರೇ, ನಿವೃತ್ತ ನೌಕರರ ಸಂಘದ ಗೆಳೆಯರೇ, ಮುಧೋಳ, ಬೀಳಗಿ, ಬನಹಟ್ಟಿಗಳಿಂದ ಬಸ್ಸು ಹಿಡಿದು ಜಮಖಂಡಿಗೆ ಬಂದಿರುವ ತಾಯಂದಿರೇ, ಎಲ್ಲರಿಗೂ ನಮಸ್ಕಾರ. ಅಜಿತ, ಮೃಣ್ಮಯಿ — ನಿಮ್ಮ ತಾಯಿ, ನಿಮ್ಮ ಅತ್ತೆ ಇಲ್ಲವಾಗಿ ಇಂದಿಗೆ ಹದಿನಾಲ್ಕು ದಿನ. ನಿಮ್ಮ ಮನೆಯವರ ಎದುರಿನಲ್ಲಿ ನಿಂತು ಮಾತಾಡುವುದು ನನಗೆ ಸುಲಭವಲ್ಲ. ಬೆಳಿಗ್ಗೆಯಿಂದ ಮೂರು ಸಲ ಈ ಸಭಾಂಗಣದ ಬಾಗಿಲವರೆಗೆ ಬಂದು ತಿರುಗಿ ಹೋಗಿದ್ದೇನೆ. ಹೊರಗೆ ಚಹಾದಂಗಡಿಯವನು ನೋಡಿ, "ಯಾಕ್ರೀ ಸಾಹೇಬ್ರ, ಏನರ ಕಳಕೊಂಡೀರೇನು?" ಎಂದು ಕೇಳಿದ.

ನಾನು ಪ್ರಭುಲಿಂಗ. ವತ್ಸಲಾಬಾಯಿಯವರ ಜೊತೆ ಒಂದೇ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ದುಡಿದವನು. ಅವರು ಸ್ಟೆನೋ, ನಾನು ಗುಮಾಸ್ತ. ಕಚೇರಿಯಲ್ಲಿ ಅವರನ್ನು ನಾವೆಲ್ಲ ಬಾಯಾರು ಎಂದೇ ಕರೆಯುತ್ತಿದ್ದೆವು. ಇವತ್ತೂ ಹಾಗೆಯೇ ಕರೆಯುತ್ತೇನೆ.

ನನಗಿಂತ ಮೊದಲು ಮಾತಾಡಿದವರು ಬಾಯಾರ ಶಿಸ್ತು ಹೇಳಿದರು, ವೇಗ ಹೇಳಿದರು. ಎಲ್ಲ ಖರೆ. ಆದರೆ ಆ ವೇಗ ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ರೇಡಿಯೋದಿಂದ ಬಂತು. ದಿನಾ ಸಂಜೆ ವಾರ್ತೆ ಓದುವಾಗ ಬಾಯಾರು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಓದುವವರು ಓದುತ್ತ ಹೋದಂತೆ ಇವರು ಶೀಘ್ರಲಿಪಿಯಲ್ಲಿ ಗೀಚುತ್ತ ಹೋಗಬೇಕು. ಮೂವತ್ತು ವರ್ಷ! ಮದುವೆ ಮನೆಗೆ ಹೋದರೂ ಸಂಜೆ ವಾರ್ತೆಯ ಹೊತ್ತಿಗೆ ಮೂಲೆ ಹುಡುಕುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಕೈ ನಡುಗಲು ಶುರುವಾಯಿತು. ಒಂದು ದಿನ ಪೇಟೆಯಲ್ಲಿ ಸಿಕ್ಕಾಗ ಕೈ ಹೀಗೆ ಮುಂದೆ ಚಾಚಿ ತೋರಿಸಿದರು. "ನೋಡು ಪ್ರಭು, ಬರದದ್ದು ನನಗs ಓದಲಿಕ್ಕೆ ಬರವಲ್ತು."

ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಬಾಯಾರು ಸುಮ್ಮನೆ ಕೂರುವ ಜೀವವೇ ಅಲ್ಲ. ಕೈಯಿಂದ ಹಿಡಿಯಲು ಆಗದಿದ್ದರೆ ಯಂತ್ರದಿಂದ ಹಿಡಿಯುತ್ತೇನೆ ಎಂದು ಹೊರಟರು. ಅಜಿತ ತಂದುಕೊಟ್ಟ ಹಳೆಯ ಕಂಪ್ಯೂಟರ್ ಒಂದಿತ್ತು. ಅದರ ಮುಂದೆ ರೇಡಿಯೋ ಇಟ್ಟು ಮೈಕಿನಲ್ಲಿ ಮೊದಲ ರೆಕಾರ್ಡಿಂಗ್ ಮಾಡಿದರು. ನನ್ನನ್ನು ಕರೆದು ಕೇಳಿಸಿದರು. ಹವಾಮಾನ ವರದಿ ನಡೆದಿದೆ, ನಡುವೆ ಕುಕ್ಕರ್ ಮೂರು ಸಲ ಕೂಗುತ್ತದೆ, ಆಮೇಲೆ ಬಾಯಾರೇ ಒಮ್ಮೆ ಸೀನುತ್ತಾರೆ! ನಗಬೇಡಿ ಅಂತ ನಾನು ಹೇಳುವುದಿಲ್ಲ, ಅವರೇ ಬಿದ್ದು ಬಿದ್ದು ನಕ್ಕಿದ್ದರು. ಮರುವಾರ ಎರಡೂ ತುದಿಗೆ ಪಿನ್ನು ಇರುವ ಒಂದು ವೈರು ತಂದರು. ಇಷ್ಟೇ ಇಷ್ಟು ಉದ್ದ. ಒಂದು ತುದಿ ರೇಡಿಯೋದ ಕಿವಿಗೆ, ಇನ್ನೊಂದು ಕಂಪ್ಯೂಟರಿನ ಬೆನ್ನಿಗೆ. ಆಗ ಮನೆಯ ಸದ್ದು ನಿಂತಿತು, ಗುಂಯ್ ಎನ್ನುವ ಸದ್ದು ಬಂತು. ಆ ಗುಂಯ್ ಎಲ್ಲಿಂದ ಬರುತ್ತದೆ ಎಂದು ಹನ್ನೆರಡು ದಿನ ಹುಡುಕಿದರು. ಟ್ಯೂಬ್‌ಲೈಟ್ ಆರಿಸಿದರು, ಫ್ರಿಜ್ಜು ಆರಿಸಿದರು. ಕೊನೆಗೆ ಸಿಕ್ಕಿದ್ದು ಪಕ್ಕದಲ್ಲಿದ್ದ ಮೊಬೈಲ್ ಚಾರ್ಜರ್. ಅದನ್ನು ಕಿತ್ತ ಮೇಲೆ ಧ್ವನಿ ತಿಳಿನೀರಿನ ಹಾಗೆ ಬಂತು. ಪರದೆಯ ಮೇಲೆ ಹಸಿರು ಪಟ್ಟಿ ಏರುತ್ತ ಇಳಿಯುತ್ತ ಇರುತ್ತದೆ. ಕೆಂಪಿಗೆ ಹೋದರೆ ಧ್ವನಿ ಒಡೆಯಿತು ಎಂದು ಅರ್ಥ. ಬಾಯಾರು ಕಣ್ಣು ಮಿಟುಕಿಸದೆ ಅದನ್ನು ನೋಡುತ್ತ, ಬೆರಳಿನಿಂದ ರೇಡಿಯೋದ ತಿರುಪನ್ನು ಕೂದಲೆಳೆಯಷ್ಟು ಹೀಗೆ ತಿರುವುತ್ತಿದ್ದರು. ಆಗ ಮಾತ್ರ ಅವರ ಕೈ ನಡುಗುತ್ತಿರಲಿಲ್ಲ.

ಇಲ್ಲಿಯವರೆಗೆ ನಿಮಗೆ ಗೊತ್ತಿದ್ದ ಬಾಯಾರು. ಇನ್ನು ಮುಂದೆ ಹೇಳುವುದು ಅಜಿತ, ನಿಮಗೂ ಗೊತ್ತಿಲ್ಲ. ಅದರಲ್ಲಿ ತಮ್ಮ ಪಾತ್ರವೇನೆಂದು ಅವರು ಯಾರಿಗೂ ಹೇಳಲಿಲ್ಲ. ಹೇಳಬೇಕಾದವನು ನಾನು — ಸ್ವಲ್ಪ ನೀರು ಕೊಡಿ.

ಕೆಲವು ವರ್ಷಗಳ ಹಿಂದೆ ಹೊಳೆ ಉಕ್ಕಿ ಬಂದದ್ದು ನಿಮಗೆಲ್ಲ ನೆನಪಿದೆ. ನಮ್ಮ ಕಚೇರಿಯಲ್ಲಿ ಪ್ರವಾಹದ ನಿಯಂತ್ರಣ ಕೊಠಡಿ ಇತ್ತು. ಫೋನಿನ ಮುಂದೆ ಕೂತವನು ನಾನು. ಹೊಳೆದಂಡೆ ಬಾನುಲಿ ಎಂಬ ಸಣ್ಣ ಸಮುದಾಯ ರೇಡಿಯೋ ಆಗ ನಮ್ಮ ಕಡೆ ನಡೆಯುತ್ತಿತ್ತು. ಕೂಡಲೇ ಖಾಲಿ ಮಾಡಬೇಕಾದ ಊರುಗಳ ಹೆಸರನ್ನು ನಾನು ಫೋನಿನಲ್ಲಿ ಹೇಳುವುದು, ಅದು ನೇರವಾಗಿ ಪ್ರಸಾರವಾಗುವುದು — ಹಾಗೆ ವ್ಯವಸ್ಥೆ. ಆ ಬೆಳಿಗ್ಗೆ ಹನ್ನೊಂದಕ್ಕೆ ಬಾನುಲಿಯಲ್ಲಿ ಇದ್ದವರು ಪ್ರತಿಮಾ. ಬನಹಟ್ಟಿಯ ನೇಕಾರರ ಮನೆಯ ಮಗಳು, ದಿನಕ್ಕೆರಡು ತಾಸು ಉದ್ಘೋಷಕಿ. ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ.

ನನ್ನ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಹತ್ತು ಮೊದಲ ಹಾಳೆಯಲ್ಲಿ. ಎರಡನೆಯ ಹಾಳೆಯಲ್ಲಿ ಒಂದೇ ಒಂದು — ನಡುಗಡ್ಡಿ ತೋಟದ ವಸತಿ. ಹದಿನಾಲ್ಕು ಮನೆ. ನಾನು ಮೊದಲ ಹಾಳೆ ಓದಿದೆ, ಫೋನು ಇಟ್ಟೆ.

ಆ ಹದಿನಾಲ್ಕು ಮನೆಯವರು ರೇಡಿಯೋ ಮುಂದೆ ಕೂತಿದ್ದರು. ತಮ್ಮ ಹೆಸರು ಬರಲಿಲ್ಲ, ಹಾಗಾಗಿ ಏಳಲಿಲ್ಲ. ಮಧ್ಯಾಹ್ನ ಮೂರಕ್ಕೆ ದಾರಿ ಮುಳುಗಿತು. ಎಲ್ಲರೂ ಶಾಲೆಯ ಮಾಳಿಗೆ ಹತ್ತಿದರು. ಹತ್ತುವಾಗ ಕೆಂಪವ್ವ ಎಂಬ ತಾಯಿ ಏಣಿಯಿಂದ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ದೋಣಿ ಬರುವವರೆಗೆ ಎರಡೂವರೆ ತಾಸು ಮಳೆಯಲ್ಲಿ ಆ ನೋವಿನಲ್ಲಿ ಮಲಗಿದ್ದರು. ಅವರ ಗಂಡ ಹುಲೆಪ್ಪ ಪರಿಹಾರ ಕೇಂದ್ರದಲ್ಲಿ ಎಲ್ಲರ ಮುಂದೆ ಕೂಗಿದ: "ರೇಡಿಯೋ ಹಚಗೊಂಡs ಕುಂತಿದ್ದಿವಿ! ಹತ್ತ ಊರಿನ ಹೆಸರ ಹೇಳಿದ್ರು, ನಮ್ದು ಹೇಳಲಿಲ್ಲ. ನಾವೇನ್ ಮನಷ್ಯಾರ ಅಲ್ಲೇನ್?"

ಆ ಸಂಜೆ ನನ್ನ ಫೈಲಿನ ರಟ್ಟಿಗೆ ಅಂಟಿಕೊಂಡಿದ್ದ ಎರಡನೆಯ ಹಾಳೆ ನನಗೆ ಸಿಕ್ಕಿತು.

ಕೇಳಿ. ಅಲ್ಲಿಯವರೆಗೆ ನಡೆದದ್ದು ತಪ್ಪು. ಎರಡು ದಿನ ನಿದ್ದೆಯಿಲ್ಲದವನ ತಪ್ಪು. ಆದರೆ ಮರುದಿನ ಮೇಲಿನವರು ವಿವರಣೆ ಕೇಳಿದಾಗ ನಾನು ಬರೆದುಕೊಟ್ಟದ್ದು ತಪ್ಪಲ್ಲ, ಸುಳ್ಳು. "ಹನ್ನೊಂದನೆಯ ಹೆಸರನ್ನೂ ಹೇಳಿದ್ದೇನೆ. ಫೋನು ಕಡಿಯುತ್ತಿತ್ತು. ಉದ್ಘೋಷಕಿ ಪೂರ್ತಿ ಕೇಳಿಸಿಕೊಳ್ಳದೆ ಕರೆ ಮುಗಿಸಿದರು." ಮೂರು ಸಾಲು. ನನ್ನ ಕೈಯಕ್ಷರ ಛಲೋ ಇದೆ ಎಂದು ಬಾಯಾರು ಯಾವಾಗಲೂ ಹೊಗಳುತ್ತಿದ್ದರು.

ಪ್ರತಿಮಾ, "ನಾ ಎರಡ ಸಲ ಕೇಳೇನ್ರಿ, ಇಷ್ಟs ಅಂದ್ರು" ಎಂದು ಹೇಳಿದರು. ಯಾರೂ ನಂಬಲಿಲ್ಲ. ಪ್ರಸಾರ ಮುಗಿದೊಡನೆ ಕರೆಂಟು ಹೋಗಿದ್ದರಿಂದ ಬಾನುಲಿಯವರ ಹತ್ತಿರ ಆ ದಿನದ ಪ್ರತಿ ಉಳಿದಿರಲಿಲ್ಲ. ಕೇಳಿದವರು ಸಾವಿರ ಮಂದಿ ಇದ್ದರು ನಿಜ. ಆದರೆ ಗಂಟು ಕಟ್ಟುತ್ತ, ದನ ಬಿಚ್ಚುತ್ತ ಕೇಳಿದವರು ಯಾವ ಮಾತನ್ನು ಹಾಗೆಯೇ ತಿರುಗಿ ಹೇಳಿಯಾರು? ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಇನ್ನೊಂದು. ಪ್ರತಿಮಾರನ್ನು ಕೆಲಸದಿಂದ ಬಿಡಿಸಿದರು. ಸಂತೆಯಲ್ಲಿ ಯಾರೋ ಅವರ ಮುಖಕ್ಕೇ ಬೈದರು.

ಅದಾದ ಮೊದಲ ಭಾನುವಾರ ಬಾಯಾರು ನನ್ನನ್ನು ಮನೆಗೆ ಕರೆದರು. ಅವಲಕ್ಕಿ ಕೊಟ್ಟರು. ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂರಿಸಿ, ನನ್ನ ಕಿವಿಗೆ ಹೆಡ್‌ಫೋನು ತಾವೇ ಹಾಕಿದರು. ಪ್ರವಾಹದ ದಿನ ಬೆಳಿಗ್ಗೆ ಬಾನುಲಿಯಿಂದ ಅವರು ಹಿಡಿದಿಟ್ಟ ಹದಿನಾಲ್ಕು ನಿಮಿಷದ ಫೈಲು. ಹೆಸರಿನ ಜಾಗದಲ್ಲಿ ತಾರೀಖು, ವೇಳೆ.

ಪ್ರತಿಮಾರ ಧ್ವನಿ ಬಂತು. "ಸರ್, ಹತ್ತು ಹೆಸರಾದವ್ರಿ. ಇನ್ನೂ ಅದಾವೇನ್ರಿ?"

ಆಮೇಲೆ ನನ್ನ ಧ್ವನಿ. "ಇಲ್ರಿ, ಹತ್ತs."

"ಒಮ್ಮೆ ಪಟ್ಟಿ ನೋಡಿ ಹೇಳ್ರಿ ಸರ್, ಮಂದಿ ಕಾಯಾಕತ್ತಾರ."

"ನೋಡೇ ಹೇಳಾಕತ್ತೇನಿ. ಹತ್ತs. ಮುಗೀತ್ರಿ."

ಫೋನು ಎಲ್ಲೂ ಕಡಿದಿರಲಿಲ್ಲ. ಗುಂಯ್ ಎನ್ನುವ ಸದ್ದೂ ಇರಲಿಲ್ಲ. ಅಷ್ಟು ಸ್ವಚ್ಛವಾಗಿ ಹಿಡಿದಿದ್ದರು.

ನಾನು ಹೆಡ್‌ಫೋನು ತೆಗೆದೆ. "ಬಾಯಾರ, ಇದನ್ನ ಅಳಸಿಬಿಡ್ರಿ. ನನ್ನ ನೌಕರಿ ಹೋಗತೈತ್ರಿ. ಇನ್ನ ಆರ ವರ್ಷ ಐತಿ."

ಅವರು ನನ್ನ ಕಡೆ ನೋಡಲಿಲ್ಲ. "ಅಳಸೋದು ಭಾಳ ಸಸಾರ ಅದ. ಅದರ ಮ್ಯಾಲೆ ಒತ್ತು, ಆಮ್ಯಾಲೆ ಈ ಗುಂಡಿ ಒತ್ತು. ನೀನs ಕೂತೀಯಲ್ಲ. ನಾ ಚಹಾ ಮಾಡಿಕೊಂಡು ಬರ್ತೀನಿ."

ಒಳಗೆ ಹೋದರು. ನಾನು ಒಬ್ಬನೇ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ನಾನು ಎದ್ದೆ, ಕೂತೆ, ಮತ್ತೆ ಎದ್ದೆ, ಕಿಟಕಿಯವರೆಗೆ ಹೋಗಿ ಬಂದೆ. ಮತ್ತೆ ಕೂತೆ.

ಅಳಿಸಿದೆ.

ಹೌದು. ಅಳಿಸಿದೆ. ಬಾಯಾರು ಚಹಾ ತಂದರು, ಪರದೆ ನೋಡಿದರು, ಕಪ್ಪು ನನ್ನ ಕೈಗೆ ಕೊಟ್ಟರು. "ಸಕ್ಕರಿ ಸಾಕೇನು?" ಎಂದರು. ಅಷ್ಟೇ.

ಆಮೇಲೆ ಎಂಟು ದಿನ ನಾನು ಹೇಗಿದ್ದೆ ಎಂದು ನನ್ನ ಹೆಂಡತಿ ಮಧುಮತಿಯನ್ನು ಕೇಳಿ. ಊಟಕ್ಕೆ ಕೂತರೆ ಅರ್ಧಕ್ಕೆ ಏಳುತ್ತಿದ್ದೆ. ಸಾವಳಗಿಗೆ ಕೆಲಸದ ಮೇಲೆ ಹೋದವನು ಊರು ದಾಟಿದ್ದೂ ತಿಳಿಯದೆ ಮುಂದಿನ ಊರಿನಲ್ಲಿ ಬಸ್ಸು ಇಳಿದೆ. ಎಲ್ಲಿ ರೇಡಿಯೋ ಕೇಳಿಸಿದರೂ ಅಲ್ಲಿಂದ ದಾಟಿ ಹೋಗುತ್ತಿದ್ದೆ. ಸಾಕ್ಷಿ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ — ಇದನ್ನು ನೂರು ಸಲ ಹೇಳಿಕೊಂಡೆ. ಹೇಳಿಕೊಂಡಷ್ಟೂ ಕಾಲು ನಿಲ್ಲದು. ಒಂದು ವೇಳೆ ಬಾಯಾರು ಬೈದಿದ್ದರೆ ನಾನೂ ತಿರುಗಿ ಜಗಳಾಡಿ ಹಗುರಾಗುತ್ತಿದ್ದೆನೋ ಏನೋ. ಅವರು ಸಕ್ಕರೆ ಸಾಕೇ ಎಂದು ಕೇಳಿಬಿಟ್ಟಿದ್ದರು.

ಒಂಬತ್ತನೆಯ ದಿನ ಮೇಲಿನವರ ಕೋಣೆಗೆ ಹೋಗಿ, ನಾನು ಸುಳ್ಳು ಬರೆದಿದ್ದೇನೆ ಎಂದು ಹೇಳಿದೆ. ಅವರು ಏನೆಂದರು ಗೊತ್ತೇ? "ಫೈಲ್ ಮುಗದೈತಿ. ಮತ್ಯಾಕ ತೆಗೀತಿ? ನೀ ಈಗ ಬಂದ್ ಹಿಂಗ ಅಂದ್ರ, ಆ ಹುಡುಗಿ ಕಡಿಯವ್ರು ನಿನ್ನ ಹೆದರಿಸ್ಯಾರ ಅಂತಾರ. ಪುರಾವೆ ಐತೇನು?"

ಪುರಾವೆ. ಅದನ್ನು ಅಳಿಸಿದವನು ನಾನೇ! ಖರೆ ಹೇಳಲು ಹೋದರೆ ಖರೆಯನ್ನೂ ಯಾರೂ ತಗೊಳ್ಳುತ್ತಿಲ್ಲ.

ಅಲ್ಲಿಂದ ನೇರ ಬಾಯಾರ ಮನೆಗೆ ಬಂದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ಬಾಯಾರ, ತಪ್ಪಾತ್ರಿ. ಅವತ್ತ ನಾ ಅಳಸೇನ್ರಿ."

"ಗೊತ್ತದ. ನೀ ಒತ್ತಿದ್ದು ಅಡಗಿಮನಿಯೊಳಗ ಕೇಳಿಸ್ತು."

"ಈಗ ಅದು ಬೇಕಾಗೇತ್ರಿ."

 ಅವರು ಎದ್ದು ಕಂಪ್ಯೂಟರ್ ಹಚ್ಚಿದರು. ಅಳಿಸಿದ ಫೈಲು ಕೂಡಲೇ ಸಾಯುವುದಿಲ್ಲ, ಕಸದ ಬುಟ್ಟಿಯಲ್ಲಿ ಬಿದ್ದಿರುತ್ತದೆ, ಬೇಕೆಂದರೆ ಎತ್ತಿಕೊಳ್ಳಬಹುದು. ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ನಾನು ಅಳಿಸಿದ ದಿನವೇ ಸಂಜೆ ಎತ್ತಿ ಇಟ್ಟಿದ್ದರು. ಪೆನ್‌ಡ್ರೈವಿಗೆ ಹಾಕಿ ನನ್ನ ಅಂಗೈಯಲ್ಲಿಟ್ಟು ಒಂದು ಮಾತು ಹೇಳಿದರು. "ಇನ್ನೊಂದು ವಾರ ನೀ ಬರದಿದ್ರ ನಾನs ಒಯ್ದು ಕೊಡಾಕಿ ಇದ್ದೆ. ನೀ ಬಂದಿ. ಛಲೋ ಆತು."

ನೋಡಿ, ಬಾಯಾರು ನನ್ನನ್ನು ಉಳಿಸಲು ಪ್ರತಿಮಾರನ್ನು ಬಿಟ್ಟುಕೊಡುವವರಾಗಿರಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ಅವರನ್ನು ಬರೀ ದಯಾವಂತೆ ಎಂದು ಹೊಗಳಿ ಎದ್ದು ಹೋಗುತ್ತೇವೆ.

ಆ ಹದಿನಾಲ್ಕು ನಿಮಿಷವನ್ನು ಬಾನುಲಿಯವರ ಮುಂದೆ ಕೇಳಿಸಿದೆ, ನಮ್ಮ ಕಚೇರಿಯಲ್ಲಿ ಕೇಳಿಸಿದೆ. ನನ್ನ ಬಡ್ತಿ ನಿಂತಿತು, ಬೇರೆ ಊರಿಗೆ ಹಾಕಿದರು. ನೌಕರಿ ಹೋಗಲಿಲ್ಲ. ಪ್ರತಿಮಾರನ್ನು ಮತ್ತೆ ಕರೆದರು. ಅವರು ಒಂದು ತಿಂಗಳು ಹೋಗಲಿಲ್ಲ, ಆಮೇಲೆ ಹೋದರು.

ಕೊನೆಗೆ ಹುಲೆಪ್ಪನ ಮನೆಗೂ ಹೋದೆ. ಹೋಗು ಎಂದವರೂ ಬಾಯಾರೇ, ನನ್ನ ಜೊತೆ ಬಂದವರೂ ಅವರೇ. ಹುಲೆಪ್ಪ ಕಟ್ಟೆಯಿಂದ ಎದ್ದು ಒಳಗೆ ಹೋಗಿಬಿಟ್ಟ. ಕೆಂಪವ್ವ ಕೋಲು ಹಿಡಿದು ಕೂತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. "ನಿನ್ನ ಮಾತ ಕೇಳಿ ನನ್ನ ಕಾಲ ನೆಟ್ಟಗ ಆಗೂದಿಲ್ಲಪಾ" ಎಂದರು. ಕೋಲು ಪಕ್ಕಕ್ಕಿಟ್ಟು, "ಆದರ ಸಂತ್ಯಾಗ ಆ ಹುಡಿಗಿಗೆ ಬೈದಾವ ನನ್ನ ಮಗ. ಆಕಿನ್ನ ಒಮ್ಮೆ ಕರಕೊಂಡ ಬಾ" ಎಂದರು. ಪ್ರತಿಮಾ ಹೋದರು. ಏನು ಮಾತಾಡಿದರು ಎಂದು ನಾನು ಕೇಳಿಲ್ಲ. ಕೇಳುವ ಅಧಿಕಾರ ನನಗಿಲ್ಲ.

ಕಳೆದ ತಿಂಗಳು ಬಾಯಾರು ಹಾಸಿಗೆ ಹಿಡಿದಾಗ ಧೈರ್ಯ ಮಾಡಿ ಕೇಳಿದೆ. "ಅವತ್ತ ನನ್ನ ಒಬ್ಬನ್ನ ಬಿಟ್ಟ ಯಾಕ ಒಳಗ ಹೋದ್ರಿ? ನನ್ನ ಪರೀಕ್ಷಾ ಮಾಡಿದ್ರೇನ್ರಿ?"

"ಹುಚ್ಚ! ಪರೀಕ್ಷಾನೂ ಇಲ್ಲ, ಏನೂ ಇಲ್ಲ" ಎಂದರು. ಉಸಿರಿಗೆ ನಿಂತು ನಿಂತು ಮಾತಾಡುತ್ತಿದ್ದರು. "ಹತ್ತೊಂಬತ್ತು ವರ್ಷ ಬಾಜೂಕ ಕೂತಾಂವ. ನಿನ್ನ ಮಾರಿ ನೋಡಲಿಕ್ಕೆ ನನಗ ಆಗಲಿಲ್ಲೋ ಪ್ರಭು. ಅದಕ್ಕ ಒಳಗ ಹೋದೆ. ಒಳಗ ಹೋಗಿ ಅತ್ತೆ."

ಇಷ್ಟು ದಿನ ಆ ಅಡುಗೆಮನೆಯಿಂದ ಬಂದದ್ದು ಪಾತ್ರೆಯ ಸದ್ದು ಮಾತ್ರ ಎಂದುಕೊಂಡಿದ್ದೆ.

ಅಜಿತ, ಮೃಣ್ಮಯಿ, ನಿಮ್ಮ ಮನೆಯ ದುಃಖದ ದಿನ ನನ್ನ ಕಥೆ ತಂದು ಹಾಕಿದ್ದಕ್ಕೆ ಕ್ಷಮೆ ಇರಲಿ. ಇದನ್ನು ಹೇಳದೆ ಬಾಯಾರ ಫೋಟೋದ ಮುಂದೆ ಹೂವು ಇಡಲು ನನಗೆ ಆಗಲಿಲ್ಲ. ಈಗ ಹೇಳಿದ್ದೇನೆ. ನೆಮ್ಮದಿ ಬಂತೇ ಎಂದು ಕೇಳಿದರೆ — ಇಲ್ಲ, ಬಂದಿಲ್ಲ. ಕಾಲು ಈಗಲೂ ನಿಂತಲ್ಲಿ ನಿಲ್ಲುತ್ತಿಲ್ಲ.

ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಮೊಬೈಲು ಬಂದ್ ಮಾಡಿ. ಫ್ಯಾನೂ ಆರಿಸಿಬಿಡಿ. ಎರಡು ನಿಮಿಷ ವತ್ಸಲಾಬಾಯಿಯವರಿಗಾಗಿ ಮೌನ. ಅದು ಮುಗಿಯಿತು ಎಂದು ಹೇಳುವವನು ನಾನಲ್ಲ. ಅವಸರದಿಂದ "ಮುಗೀತ್ರಿ" ಎಂದು ಒಮ್ಮೆ ಹೇಳಿದ್ದು ಸಾಕು. ಪ್ರತಿಮಾ ಅವರೇ, ಇಲ್ಲಿ ಮೈಕಿನ ಹತ್ತಿರ ಬನ್ನಿ. ನೀವು ಹೇಳುವವರೆಗೆ ನಾವು ನಿಂತಿರುತ್ತೇವೆ.